ತೋಟಾದ ಬಾಯಿ ಬಿಡಿ, ಬುಡ ನೋಡಿ

ಆಯುಧ ಪೂಜೆ ಮುಗಿದ ಮೇಲೆ ಮೈಸೂರಿನ ನನ್ನ ಅಂಗಡಿಗೆ ತಾತನ ಕಾಲದ ರೈಫಲ್‌ಗಳು ಬರೋಕೆ ಶುರುವಾಗುತ್ತವೆ. ಪೂಜೆಗೆ ಅಂತ ಬೀರುವಿನಿಂದ ತೆಗೆದು ಒರೆಸಿರುತ್ತಾರೆ, ಕುಂಕುಮ ಇಟ್ಟಿರುತ್ತಾರೆ. ಆಮೇಲೆ ಆಸೆ ಹುಟ್ಟುತ್ತದೆ. "ಸಾರ್, ಇದಕ್ಕೆ ತೋಟಾ ಸಿಗುತ್ತಾ?" ಬಹಳ ಸಲ ಸಿಗಲ್ಲ. "ಹಾಗಾದ್ರೆ ಬೇರೆ ತೋಟಾದ ಹಿತ್ತಾಳೆನೇ ಇದರ ಸೈಜಿಗೆ ಮಾಡಿಸ್ಬಹುದಲ್ವಾ? ಗುಂಡು ಹೆಚ್ಚುಕಮ್ಮಿ ಒಂದೇ."

ಈ 'ಗುಂಡು ಒಂದೇ' ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ.

ತೋಟಾ ಅಂದರೆ ಹಿತ್ತಾಳೆ ಕೇಸು, ಅದರೊಳಗೆ ಮದ್ದು, ಬಾಯಲ್ಲಿ ಗುಂಡು. ಈ ಕೇಸು ಬರೀ ಮದ್ದು ತುಂಬುವ ಡಬ್ಬಿಯಲ್ಲ. ಮದ್ದು ಉರಿದಾಗ ಅದು ಉಬ್ಬಿ ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗದ, ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿ ಗಾಳಿ ಹಿಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಕುಕ್ಕರಿಗೆ ಗ್ಯಾಸ್ಕೆಟ್ ಇದ್ದ ಹಾಗೆ. ಕೇಸಿನ ಕುತ್ತಿಗೆ, ಭುಜ ತೆಳುವಾಗಿರುತ್ತವೆ. ಡೈಯಲ್ಲಿ ಒತ್ತಿ ಕಿರಿದು ಮಾಡಬಹುದು, ಹಿಗ್ಗಿಸಬಹುದು. ಬುಡ ಹಾಗಲ್ಲ. ಅದು ದಪ್ಪ, ಗಟ್ಟಿ. ಅಲ್ಲಿ ಸ್ವಲ್ಪ ಭಾಗಕ್ಕೆ ಚೇಂಬರಿನ ಆಸರೆಯೂ ಇರುವುದಿಲ್ಲ, ಹಿತ್ತಾಳೆಯೊಂದೇ ಒತ್ತಡ ತಡೆಯಬೇಕು. ಆದ್ದರಿಂದ ಮೊದಲು ಬುಡ ಹೊಂದಬೇಕು: ರಿಮ್ಮಿನ (ಬುಡದ ಅಂಚಿನ) ಅಗಲ, ರಿಮ್ಮಿನ ದಪ್ಪ, ಅದರ ಮೇಲಿನ ಮೈ. ಆಮೇಲೆ ಉದ್ದ. ಗುಂಡಿನ ಅಳತೆ ಕೊನೆಗೆ. ಜನ ಇದನ್ನು ಪೂರ್ತಿ ತಲೆಕೆಳಗು ಮಾಡಿಕೊಂಡು ಬರುತ್ತಾರೆ.

.318 ವೆಸ್ಟ್ಲಿ ರಿಚರ್ಡ್ಸ್ ಅನ್ನೋ ಇಂಗ್ಲಿಷ್ ಶಿಕಾರಿ ತೋಟಾ ತೆಗೆದುಕೊಳ್ಳಿ. ಹೆಸರಲ್ಲಿ .318 ಇದ್ದರೂ ಅದರ ಗುಂಡು .330 ಇಂಚು. ಹೆಸರನ್ನೇ ನಂಬಿದವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಅದಕ್ಕೆ ಕೇಸು ಮಾಡುವುದು .30-06 ಅನ್ನೋ ಅಮೆರಿಕನ್ ತೋಟಾದ ಹಿತ್ತಾಳೆಯಿಂದ. ಆ .30-06ರ ಗುಂಡು .308 ಇಂಚು, ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಬುಡ ಹೆಚ್ಚುಕಮ್ಮಿ ಒಂದೇ, ಉದ್ದವೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇದೆ.

ಈಗ ಉಲ್ಟಾ ಉದಾಹರಣೆ. ನಮ್ಮ ಇಶಾಪುರ ಕಾರ್ಖಾನೆಯ .315 ರೈಫಲ್ ನೋಡೋಕೆ ಬ್ರಿಟಿಷ್ ಸೈನ್ಯದ .303 ರೈಫಲ್‌ನ ತಮ್ಮನ ಹಾಗೇ ಇದೆ. ಹಾಗಾಗಿ .303 ಕೇಸನ್ನೇ ಕತ್ತರಿಸಿ ಇದಕ್ಕೆ ಹೊಂದಿಸಿದರಾಯ್ತು ಅನ್ನುವವರಿದ್ದಾರೆ. ಆದರೆ .315 ತೋಟಾ ಹುಟ್ಟಿದ್ದು 8×50 ಮ್ಯಾನ್‌ಲಿಶರ್ ಕೇಸಿನಿಂದ. ಅದರ ಬುಡ .303ಗಿಂತ ಅರ್ಧ ಮಿಲಿಮೀಟರಿಗೂ ಜಾಸ್ತಿ ದಪ್ಪ. ಕತ್ತರಿಸಿದ .303 ಕೇಸು ಸಲೀಸಾಗಿ ಒಳಗೆ ಹೋಗುತ್ತೆ ಅಂತ ಖುಷಿಪಡುತ್ತಾರೆ. ಸಲೀಸಾಗಿ ಹೋಗುವುದೇ ಬುಡ ಸಡಿಲ ಇರುವುದರಿಂದ, ಸ್ವಾಮಿ! ಆ ಸಂದಿಗೆ ಹಿತ್ತಾಳೆ ಉಬ್ಬಿ ಒಡೆಯುತ್ತದೆ.

ಉದ್ದದ್ದೂ ಒಂದು ಮಾತು. ಜಾಸ್ತಿ ಇದ್ದರೆ ಕತ್ತರಿಸಬಹುದು, ಸಾಲದಿದ್ದರೆ ಎಳೆಯೋಕಾಗಲ್ಲ. .405 ವಿಂಚೆಸ್ಟರ್ ತೋಟಾಗೆ .30-40 ಕ್ರಾಗ್ ಅನ್ನೋ ಇನ್ನೊಂದು ತೋಟಾದ ಬುಡ ಚೆನ್ನಾಗೇ ಹೊಂದುತ್ತದೆ, ಆದರೆ ಕಾಲಿಂಚಿಗೂ ಜಾಸ್ತಿ ಗಿಡ್ಡ. ಪುಣ್ಯಕ್ಕೆ ಅಮೆರಿಕದ ತೋಟಾ ಕಂಪನಿ ಹಾರ್ನಡಿಯವರು .405ಕ್ಕೇ ಮತ್ತೆ ಕೇಸು ಮಾಡಿದರು.

ಇಷ್ಟೊಂದು ವಿಚಿತ್ರ ಅಳತೆಗಳು ನಮ್ಮ ಕಡೆ ಯಾಕೆ ಅಂದರೆ, ಅರ್ಧ ತಪ್ಪು ಸರ್ಕಾರದ್ದೇ. 1907ರ ಸುಮಾರಿಗೆ ಬ್ರಿಟಿಷರು ಭಾರತಕ್ಕೆ .450 ತೋಟಾ ತರುವುದನ್ನು ತಡೆದರು. ಹಳೇ ಮಾರ್ಟಿನಿ-ಹೆನ್ರಿ ಬಂದೂಕಿಗೆ ದಂಗೆಕೋರರು ಬಳಸಿಯಾರು ಅನ್ನೋ ಭಯ. ಇಂಗ್ಲೆಂಡಿನ ಕಂಪನಿಗಳು ಸುಮ್ನಿರುತ್ತವಾ? .465, .470, .475 ಅಂತ ಪಕ್ಕದ ಅಳತೆಗಳನ್ನು ಮಾರಿದವು. ಶಿಕಾರಿ ನಿಂತುಹೋಯಿತು, ರೈಫಲ್‌ಗಳು ಮನೆಮನೆಯಲ್ಲಿ ಉಳಿದವು.

ನಾಗಮಂಗಲದ ಕಡೆಯ ಹಿರಿಯರೊಬ್ಬರು ಒಮ್ಮೆ ಹಿತ್ತಾಳೆ ಸರಳಿನಿಂದ ಲೇತಿನಲ್ಲಿ ಕಡೆಸಿದ ಕೇಸು ತಂದಿದ್ದರು. ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು, ಕೈಕೆಲಸ ಕಣ್ಣಿಗೊತ್ತಿಕೊಳ್ಳಬೇಕು ಹಾಗಿತ್ತು. "ಯಜಮಾನ್ರೇ, ಇದನ್ನ ಷೋಕೇಸಲ್ಲಿಡಿ" ಅಂದೆ. ಮುಖ ಸಣ್ಣದಾಯಿತು. ತೋಟಾದ ಹಿತ್ತಾಳೆ 70 ಭಾಗ ತಾಮ್ರ, 30 ಭಾಗ ಸತು. ಅಂಗಡಿಯ ಸರಳಿಗೆ ಕಡೆಯಲು ಸುಲಭವಾಗಲಿ ಅಂತ ಸಾಮಾನ್ಯವಾಗಿ ಸೀಸ ಸೇರಿಸಿರುತ್ತಾರೆ, ಅದು ತೋಟಾಗೆ ಆಗಲ್ಲ. ಲೇತಿನಲ್ಲೇ ಕೇಸು ಮಾಡುವ ಕಂಪನಿಗಳು ಹೊರದೇಶದಲ್ಲಿವೆ, ನಿಜ. ಅವರು ಲೋಹ ನೋಡಿ ಆರಿಸುತ್ತಾರೆ.

ಆಕಾರ ಬದಲಿಸಿದ ಹಿತ್ತಾಳೆ ಬಿರುಸಾಗುತ್ತದೆ. ಅದಕ್ಕೆ ಕುತ್ತಿಗೆಯನ್ನು ಕಾಯಿಸಿ ಮೆದು ಮಾಡಬೇಕು. ಕುತ್ತಿಗೆಯನ್ನು ಮಾತ್ರ. ಬುಡ ಮೆದುವಾದರೆ ಆ ಕೇಸು ಗುಜರಿಗೆ.

ಇನ್ನು ಆಯುಧ ಪೂಜೆಯ ಪಾಲಿಶ್. ಅಮೋನಿಯಾ ಇರುವ ಪಾಲಿಶ್ ತೋಟಾಗೆ ಹಚ್ಚಬೇಡಿ. ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು, ಆಮೇಲೆ ನೋಡಿದರೆ ಬಿರುಕು. ಕುದುರೆ ಗಂಜಲದ ಅಮೋನಿಯಾ ಕಾರಣ ಅಂತ ಗೊತ್ತಾಗಿದ್ದು 1921ರಲ್ಲಿ. ಮಂಡ್ಯ ಕಡೆ ಕೊಟ್ಟಿಗೆಯ ಅಟ್ಟದಲ್ಲಿ ತೋಟಾ ಇಟ್ಟವರನ್ನು ಇವತ್ತಿಗೂ ನೋಡುತ್ತೇನೆ.

ಕಾನೂನಿನ ವಿಷಯ ನಿಮ್ಮ ವಕೀಲರನ್ನೇ ಕೇಳಿ. ನನಗೆ ತಿಳಿದಷ್ಟು ಇದು: 1959ರ ಶಸ್ತ್ರಾಸ್ತ್ರ ಕಾಯ್ದೆ ತೋಟಾದ ಬಿಡಿಭಾಗವನ್ನೂ ತೋಟಾ ಅಂತಲೇ ಎಣಿಸುತ್ತದೆ, ತಯಾರಿಸೋಕೆ ಬೇರೆ ಲೈಸೆನ್ಸ್ ಬೇಕು. ಹಾಗಾಗಿ ಮನೆಯಲ್ಲಿ ಕೈ ಹಾಕಬೇಡಿ. ನಾನು ಮಾಡಿಕೊಡುವುದು ಚೇಂಬರಿನ ಅಚ್ಚು ಮಾತ್ರ. ಬಿಸಿನೀರಿಗೇ ಕರಗುವ ಲೋಹ ಸುರಿದು, ಅಚ್ಚು ತೆಗೆದು ಅಳೆಯುತ್ತೇನೆ. ನಳಿಗೆಯ ಮೇಲಿನ ಅಂಕಿಗಿಂತ ಅದನ್ನು ನಂಬುತ್ತೇನೆ.

ಬರುವಾಗ ರೈಫಲ್ ಜೊತೆ ಲೈಸೆನ್ಸ್ ಪುಸ್ತಕ ತನ್ನಿ. ಹಳೇ ಖಾಲಿ ಕೇಸು ಉಳಿದಿದ್ದರೆ ಅದನ್ನೂ ತನ್ನಿ, ಉಜ್ಜದೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ "ಯಾವುದು ಆಗುತ್ತೆ ಹೇಳಿ" ಅಂತ ಕೇಳಬೇಡಿ. ಫೋಟೋದಲ್ಲಿ ರಿಮ್ಮಿನ ದಪ್ಪ ಅಳೆಯೋಕೆ ನನಗೆ ಬರಲ್ಲ.