ರೈತನಿಗೆ ತೆರಿಗೆಯೇ ಇಲ್ಲದಿದ್ದರೆ ತೆರಿಗೆ ರಿಯಾಯಿತಿ ಯಾರಿಗೆ? (ಅಧ್ಯಯನ ಟಿಪ್ಪಣಿ)

ಸೇಡಂ, ಚಿತ್ತಾಪುರದ ಕಡೆ ಕಾಗಿಣಾ ನದಿಗೆ ಇಳಿಯುವ ಯಾವುದಾದರೂ ಹಳ್ಳದ ದಂಡೆಯ ಎರೆ ಹೊಲವನ್ನು ನೆನಪಿಸಿಕೊಳ್ಳಿ. ದಂಡೆಯವರೆಗೂ ಉತ್ತು ತೊಗರಿ ಬಿತ್ತಿದ್ದರೆ ದೊಡ್ಡ ಮಳೆಗೆ ನೀರು ಕಪ್ಪಗೆ ಹರಿಯುತ್ತದೆ. ಹತ್ತು ಗುಂಟೆಯನ್ನು ಉಳದೆ ಹುಲ್ಲು, ಬೇವು, ಬನ್ನಿಗೆ ಬಿಟ್ಟರೆ ಮಣ್ಣು ಅಲ್ಲೇ ನಿಲ್ಲುತ್ತದೆ. ಲಾಭ ಕೆಳಗಿನ ಊರಿಗೆ, ಹತ್ತು ಗುಂಟೆಯ ತೊಗರಿಯ ನಷ್ಟ ಮೇಲಿನ ರೈತನಿಗೆ. ಆ ನಷ್ಟವನ್ನು ತೆರಿಗೆಯ ದಾರಿಯಿಂದ ತುಂಬಿಕೊಡುವ ಬಗೆಯೇ ನಮ್ಮ ವಿಷಯ.

ಮಾದರಿ ಅಮೆರಿಕದ್ದು. ಅಲ್ಲಿ ಭೂಮಾಲೀಕ ‘ಈ ಜಮೀನಿನಲ್ಲಿ ಲೇಔಟ್ ಮಾಡುವುದಿಲ್ಲ, ಹಳ್ಳದಂಚನ್ನು ಕೆಡಿಸುವುದಿಲ್ಲ’ ಎಂದು ಶಾಶ್ವತ ಕರಾರು ಬರೆದು ಒಂದು ಟ್ರಸ್ಟ್‌ಗೆ ದಾನ ಕೊಡುತ್ತಾನೆ. ಭೂಮಿ ಅವನದೇ, ಸಾಗುವಳಿಯೂ ಅವನದೇ. ಕರಾರಿಗೆ ಮೊದಲಿನ ಬೆಲೆಯಲ್ಲಿ ನಂತರದ ಬೆಲೆ ಕಳೆದರೆ ಉಳಿಯುವುದೇ ದಾನದ ಮೌಲ್ಯ. ಆ ಮೊತ್ತವನ್ನು ಅವನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. ಸಾಮಾನ್ಯ ದಾನಿಗೆ ವರ್ಷದ ಆದಾಯದ 50% ಮಿತಿ. ಒಟ್ಟು ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಕೃಷಿಯಿಂದಲೇ ಬರುವ ರೈತನಿಗೆ 100%. ಉಳಿದದ್ದನ್ನು ಮುಂದಿನ 15 ವರ್ಷ ಬಳಸಿಕೊಳ್ಳಬಹುದು. 2015ರಲ್ಲಿ ಇದು ಕಾಯಂ ಆಯಿತು.

ಈಗ ಹೆಚ್ಚು ಜನ ಎಡವುವ ಜಾಗ. ಇಲ್ಲಿ ನಿಧಾನವಾಗಿ ಹೋಗೋಣ.

ಕಡಿತ ಎಂದರೆ ಆದಾಯದಿಂದ ಕಳೆಯುವುದು. ಕ್ರೆಡಿಟ್ ಎಂದರೆ ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುವುದು. ಒಂದು ಲಕ್ಷ ರೂಪಾಯಿಯ ಕಡಿತದಿಂದ 30% ದರದಲ್ಲಿ ತೆರಿಗೆ ಕಟ್ಟುವವನಿಗೆ ಉಳಿಯುವುದು 30,000. 10% ದರದವನಿಗೆ 10,000. ತೆರಿಗೆಯೇ ಇಲ್ಲದವನಿಗೆ ಸೊನ್ನೆ. ಅಂದರೆ ಕಡಿತ ಶ್ರೀಮಂತನ ಹಳ್ಳಕ್ಕೆ ಹೆಚ್ಚು, ಬಡವನ ಹಳ್ಳಕ್ಕೆ ಕಡಿಮೆ ಕೊಡುತ್ತದೆ. ಹರಿದುಹೋಗುವ ಮಣ್ಣು ಮಾತ್ರ ಎರಡೂ ಕಡೆ ಒಂದೇ.

ಹಾಗಾದರೆ ಕ್ರೆಡಿಟ್ ಕೊಟ್ಟರೆ ಸರಿಹೋಯಿತೇ? ಇಲ್ಲ. ಒಂದು ಲಕ್ಷದ ಕ್ರೆಡಿಟ್ ಇದ್ದರೂ ಕಟ್ಟಬೇಕಾದ ತೆರಿಗೆ ಸೊನ್ನೆಯಾಗಿದ್ದರೆ ಕಳೆಯುವುದು ಯಾವುದರಿಂದ? ಕ್ರೆಡಿಟ್ ಅನ್ನು ಬೇರೆಯವರಿಗೆ ಮಾರಲು ಬಿಟ್ಟರೆ ಗಂಟು ಬಿಚ್ಚುತ್ತದೆ. ವರ್ಜೀನಿಯಾ ರಾಜ್ಯ ದಾನದ ಮೌಲ್ಯದ 40%ರಷ್ಟು ಕ್ರೆಡಿಟ್ ಕೊಡುತ್ತದೆ, ಅದನ್ನು ಮಾರಬಹುದು. ಕೊಲರಾಡೊದಲ್ಲೂ ಮಾರಬಹುದು. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: ರೈತ ತನ್ನ ಒಂದು ಲಕ್ಷದ ಕ್ರೆಡಿಟ್ ಅನ್ನು ಒಬ್ಬ ವ್ಯಾಪಾರಿಗೆ 85,000ಕ್ಕೆ ಮಾರುತ್ತಾನೆ. ರೈತನ ಕೈಗೆ ನಗದು, ವ್ಯಾಪಾರಿಗೆ 15,000 ಉಳಿತಾಯ, ಖಜಾನೆಗೆ ಒಂದು ಲಕ್ಷ ಖೋತಾ. ಹಣ ಬಂದದ್ದು ವ್ಯಾಪಾರಿಯ ತೆರಿಗೆಯಿಂದ. ಇಷ್ಟು ಹಿಡಿದರೆ ವಿಷಯದ ಮುಕ್ಕಾಲು ಭಾಗ ಕೈಗೆ ಬಂದಂತೆ.

ನಮ್ಮಲ್ಲಿಗೆ ಬರೋಣ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(1) ಕೃಷಿ ಆದಾಯವನ್ನು ಹೊರಗಿಟ್ಟಿತು. 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ, ತತ್ವ ಅದೇ. ಕೃಷಿ ಆದಾಯದ ಮೇಲಿನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ 46ನೆಯ ಬಾಬತ್ತು. ಒಣಬೇಸಾಯದ ಭೂಮಿಯ ಕಂದಾಯ ಎಷ್ಟು ಅಲ್ಪವೆಂದರೆ ಅದನ್ನು ಮನ್ನಾ ಮಾಡಿದರೂ ಯಾರೂ ಹತ್ತು ಗುಂಟೆ ಬಿಡುವುದಿಲ್ಲ. ಕರಾರಿಗೂ ತೊಡಕಿದೆ: 1882ರ ಅನುಭೋಗ ಹಕ್ಕುಗಳ (ಬೇರೆಯವರ ಜಮೀನಿನಲ್ಲಿ ಏನನ್ನಾದರೂ ಮಾಡುವ ಅಥವಾ ತಡೆಯುವ ಹಕ್ಕು, ಈಸ್‌ಮೆಂಟ್) ಕಾಯ್ದೆಯಲ್ಲಿ ಆ ಹಕ್ಕು ಇನ್ನೊಂದು ಜಮೀನಿನ ಉಪಯೋಗಕ್ಕಾಗಿ ಇರಬೇಕು. ಪಕ್ಕದಲ್ಲಿ ತುಂಡು ಭೂಮಿಯೂ ಇಲ್ಲದ ಟ್ರಸ್ಟ್ ಅದನ್ನು ಹಿಡಿದಿಡಲಾಗದು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನು ತೆರಿಗೆ ರಿಯಾಯಿತಿ ಎಂದು ಬರೆಯಬೇಡಿ. 2013ರ ಕಂಪನಿ ಕಾಯ್ದೆಯ ಕಲಂ 135ರಂತೆ ಅದು ಲಾಭದ 2%ರಷ್ಟು ಕಡ್ಡಾಯ ಖರ್ಚು. ಅದನ್ನು ವ್ಯವಹಾರದ ವೆಚ್ಚವೆಂದು ಕಳೆಯಲೂ ಬಿಡುವುದಿಲ್ಲ. ಆದರೆ ಆ ಹಣ ಬಳಸಬಹುದಾದ ಕೆಲಸಗಳ ಪಟ್ಟಿಯಾದ ಆ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಮಣ್ಣು, ನೀರಿನ ಸಂರಕ್ಷಣೆ ಇದೆ.

ನನಗೆ ಅತ್ಯಂತ ಆಸೆ ಹುಟ್ಟಿಸಿದ ಜಾಗ ಬೇರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ನಗರದ ಸುತ್ತಲಿನ ಕೃಷಿಭೂಮಿ ಮಾರಿದ ಲಾಭಕ್ಕೆ ಇದೆ. ಈ ತೆರಿಗೆಯ ವ್ಯಾಪ್ತಿ ಜನಸಂಖ್ಯೆ ಒಂದರಿಂದ ಹತ್ತು ಲಕ್ಷದೊಳಗಿನ ಊರಿಗೆ ಗಡಿಯಿಂದ ನೇರ ಅಳತೆಯಲ್ಲಿ 6 ಕಿ.ಮೀ., ಹತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಊರಿಗೆ 2 ಕಿ.ಮೀ. 2011ರ ಜನಗಣತಿಯಂತೆ ಕಲಬುರಗಿ, ಬೀದರ್‌ಗಳಿಗೆ 6, ಯಾದಗಿರಿಗೆ 2. ಲೇಔಟಿನ ಒತ್ತಡವೂ ಇದೇ ವ್ಯಾಪ್ತಿಯೊಳಗೆ ಹೆಚ್ಚು. ಒಂದೆರಡು ಎಕರೆ ಮಾರಿ ಉಳಿದದ್ದನ್ನು ಹೊಲವಾಗಿಯೇ ಉಳಿಸುವ ಕರಾರು ಬರೆದವನಿಗೆ ಆ ಮಾರಾಟದ ಲಾಭದಿಂದ ಕಡಿತ ಕೊಟ್ಟರೆ, ಇಲ್ಲಿ ಕಡಿತಕ್ಕೂ ಅರ್ಥ ಬರುತ್ತದೆ.

ಕಾವಲು ಬೇಕಾದದ್ದು ಬೆಲೆ ಕಟ್ಟುವಲ್ಲಿ. ಅಮೆರಿಕದಲ್ಲಿ ಹೂಡಿಕೆದಾರರ ಕೂಟಗಳು ಅಗ್ಗದ ಭೂಮಿ ಕೊಂಡು, ಹಲವು ಪಟ್ಟು ಬೆಲೆ ಕಟ್ಟಿಸಿ ಕಡಿತ ಪಡೆದವು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಅಂಥ ಪಾಲುದಾರಿಕೆಗಳಿಗೆ ಹೂಡಿಕೆಯ ಎರಡೂವರೆ ಪಟ್ಟಿನ ಗೆರೆ ಎಳೆಯಿತು. ಅದನ್ನು ದಾಟಿದರೆ ಸಾಮಾನ್ಯವಾಗಿ ಕಡಿತವೇ ಇಲ್ಲ. ನಮ್ಮಲ್ಲಿ ಮಾರುಕಟ್ಟೆಯ ಬೆಲೆಗೂ ನೋಂದಣಿ ಪತ್ರದ ಬೆಲೆಗೂ ಇರುವ ಅಂತರ ಎಲ್ಲರಿಗೂ ಗೊತ್ತಿರುವುದರಿಂದ, ಇಂಥ ಗೆರೆಯನ್ನು ಮೊದಲ ದಿನವೇ ಎಳೆಯಬೇಕಾಗುತ್ತದೆ.