ಲಾಂಗ್‌ವುಡ್: ಗಾಳಿಯ ಲೆಕ್ಕ ಹಾಕಿ ಕಟ್ಟಿದ ಎಂಟು ಮೂಲೆ ಮನೆ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್‌ನಲ್ಲಿ ಬೇಸಿಗೆ ಅಂದ್ರೆ ಮೈಗೆ ಅಂಟುವ ಸೆಕೆ. ಗಾಳಿಯಲ್ಲೇ ನೀರಿನಂಶ ಜಾಸ್ತಿ, ಬೆವರು ಬೇಗ ಆರುವುದಿಲ್ಲ. ಅಂಥ ಊರಲ್ಲಿ ಮನೆಯೊಳಗೆ ಗಾಳಿ ಆಡಲೇಬೇಕು. 1860ರಲ್ಲಿ ಹತ್ತಿ ತೋಟಗಳ ಮಾಲೀಕ ಹಾಲರ್ ನಟ್ ತನ್ನ ಕುಟುಂಬಕ್ಕಾಗಿ ಲಾಂಗ್‌ವುಡ್ ಕಟ್ಟಿಸಲು ಶುರುಮಾಡಿದ. ನಕ್ಷೆ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಲೋನ್ ಅವರದು.

ಮನೆಗೆ ಎಂಟು ಮೂಲೆ. ಆಗ ಅಮೆರಿಕದಲ್ಲಿ ಇಂಥ ಮನೆಗಳ ಗೀಳೇ ಹತ್ತಿತ್ತು. ಸುಮ್ನೆ ಚಂದಕ್ಕಲ್ಲ, ಲೆಕ್ಕವೂ ಇದೆ. 160 ಅಡಿ ಗೋಡೆಯನ್ನು ಚೌಕವಾಗಿ ಕಟ್ಟಿದರೆ ಒಳಗೆ 1,600 ಚದರ ಅಡಿ ಸಿಗುತ್ತದೆ. ಅದೇ ಗೋಡೆಯನ್ನು 20 ಅಡಿಯ ಎಂಟು ಬದಿಗಳಾಗಿ ಕಟ್ಟಿದರೆ ಸುಮಾರು 1,930 ಚದರ ಅಡಿ! ಆದರೆ ಒಳಗೆ ಕೋಣೆಗಳನ್ನು ಹಂಚುವಾಗ ಓರೆ ಮೂಲೆಗಳು ಕಾಟ ಕೊಡುತ್ತವೆ, ಕಟ್ಟುವವರಿಗೆ ಇದು ಗೊತ್ತು.

ನನಗೆ ಇಷ್ಟವಾಗುವುದು ನಡುವಿನ ಭಾಗ. ಕೆಳಗಿನಿಂದ ಈರುಳ್ಳಿ ಆಕಾರದ ಗುಮ್ಮಟದವರೆಗೆ ನಡುಮಧ್ಯೆ ತೆರೆದ ಜಾಗ ಬಿಟ್ಟಿದ್ದಾರೆ. ಬಿಸಿಯಾದ ಗಾಳಿ ಹಗುರ, ಮೇಲೇರುತ್ತದೆ. ಮೇಲಿನ ಕಿಟಕಿಗಳಿಂದ ಅದು ಹೊರಗೆ ಹೋದಂತೆ, ಕೆಳಗಿನ ಬಾಗಿಲು-ಕಿಟಕಿಗಳಿಂದ ಹೊಸ ಗಾಳಿ ಒಳಗೆ ಬರುತ್ತದೆ. ಎತ್ತರ ಜಾಸ್ತಿಯಾದಷ್ಟೂ ಈ ಎಳೆತ ಜಾಸ್ತಿ. ಕೆಳಗೆ ಬೆಳಕು ಬೀಳಲಿ ಎಂದು ಕನ್ನಡಿಗಳನ್ನು ಇಡುವ ಯೋಜನೆಯೂ ಇತ್ತು.

ಇಷ್ಟು ಜಾಣ್ಮೆಯ ಮನೆಗೆ ದುಡಿದವರಲ್ಲಿ ಗುಲಾಮರೂ ಇದ್ದರು. ಇಟ್ಟಿಗೆ ಮಾಡಿದ್ದು ಅವರೇ, ಸ್ಥಳದಲ್ಲೇ. ದುಡ್ಡು ಬಂದದ್ದೂ ಹತ್ತಿ ಹೊಲದಲ್ಲಿ ಅವರು ಪಟ್ಟ ಪಾಡಿನಿಂದ. ಸ್ಲೋನ್ ಹೆಸರು ಹೇಳಿ ಇವರನ್ನು ಮರೆಯುವುದು ಅನ್ಯಾಯ ಅಲ್ವಾ?

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು; ಮಿಸಿಸಿಪ್ಪಿ ದಕ್ಷಿಣದ ಕಡೆ. ಉತ್ತರದಿಂದ ಬಂದಿದ್ದ ಕುಶಲಕರ್ಮಿಗಳು ಕೆಲಸ ಬಿಟ್ಟು ಊರಿಗೆ ಹೊರಟರು. ಯೋಜಿಸಿದ್ದ 32 ಕೋಣೆಗಳಲ್ಲಿ ಮುಗಿದದ್ದು ನೆಲಮಾಳಿಗೆಯ 9 ಮಾತ್ರ. 1864ರಲ್ಲಿ ನಟ್ ತೀರಿಕೊಂಡ. ಹೆಂಡತಿ ಜೂಲಿಯಾ ಮಕ್ಕಳೊಂದಿಗೆ ಆ ಕೋಣೆಗಳಲ್ಲೇ ಸಂಸಾರ ಮಾಡಿದರು.

ಮೇಲಿನ ಅಂತಸ್ತುಗಳಿಗೆ ಗಾರೆ ಬೀಳಲೇ ಇಲ್ಲ. ಹಾಗಾಗಿ ಬೇರೆ ಮನೆಗಳಲ್ಲಿ ಗಾರೆಯ ಹಿಂದೆ ಮುಚ್ಚಿಹೋಗುವುದೆಲ್ಲ ಇಲ್ಲಿ ಕಣ್ಣಿಗೆ ಬೀಳುತ್ತದೆ: ಬರಿ ಇಟ್ಟಿಗೆ, ಮರದ ತೊಲೆಗಳು, ಗುಮ್ಮಟದವರೆಗಿನ ಗಾಳಿಯ ದಾರಿ. ಅಂದು ಬಿಟ್ಟುಹೋದ ಉಪಕರಣಗಳು, ಬಣ್ಣದ ಡಬ್ಬಿಗಳೂ ಅಲ್ಲಿವೆ. ಹಳೆಯ ಮನೆಗಳ ಕಟ್ಟೋಣ ಕಲಿಯುವವರಿಗೆ ಪೂರ್ತಿಯಾದ ಬಂಗಲೆಗಿಂತ ಇದೇ ಒಳ್ಳೆಯ ಪಾಠ.