ವಿಮಾನಕ್ಕಿಂತ ಮೊದಲು ಇಳಿಯುವವರು

ವಾಯುಪಡೆಯ ಕಮಾಂಡೊ ಅಂದರೆ ನಮಗೆ ನೆನಪಾಗುವುದು ಪ್ಯಾರಾಚೂಟು, ರಾತ್ರಿ ದಾಳಿ, ಬಂದೂಕು. ಅಮೆರಿಕದ ವಾಯುಪಡೆಯ ‘ಕಾಂಬ್ಯಾಟ್ ಕಂಟ್ರೋಲರ್’ಗಳಿಗೆ ಇವೆಲ್ಲ ಗೊತ್ತು. ಆದರೆ ಅವರ ಅಸಲಿ ಕಸುಬು ಎರಡು: ಮಣ್ಣು ಪರೀಕ್ಷೆ ಮಾಡುವುದು, ವಿಮಾನಗಳ ಟ್ರಾಫಿಕ್ ನೋಡಿಕೊಳ್ಳುವುದು.

ಎರಡನೇ ಮಹಾಯುದ್ಧದ ಹೊತ್ತಿಗೆ, 1943ರಲ್ಲಿ, ಇಟಲಿಯ ಸಿಸಿಲಿ ದ್ವೀಪದ ಮೇಲೆ ಪ್ಯಾರಾಚೂಟಿನಲ್ಲಿ ಇಳಿದ ಅಮೆರಿಕದ ಸೈನಿಕರು ಕತ್ತಲೆ, ಗಾಳಿಗೆ ಸಿಕ್ಕಿ ದಿಕ್ಕಾಪಾಲಾದರು. ಆಮೇಲೆ ದೀಪ, ರೇಡಿಯೊ ಹಿಡಿದ ಪುಟ್ಟ ತಂಡಗಳು ಮುಂಚೆಯೇ ಇಳಿದು ಜಾಗ ತೋರಿಸತೊಡಗಿದವು. ವಾಯುಪಡೆ ಇದಕ್ಕೆಂದು ತನ್ನದೇ ತಂಡ ಕಟ್ಟಿದ್ದು 1953ರಲ್ಲಿ.

ಪೂರ್ತಿ ಭಾರ ಹೊತ್ತ ಸಿ-130 ಸರಕು ವಿಮಾನ ಸುಮಾರು 70 ಟನ್ ತೂಗುತ್ತದೆ. ಅದು ಬಯಲಿನಲ್ಲಿ ಇಳಿಯಬಹುದಾ? ಕಣ್ಣಿಗೆ ಗಟ್ಟಿ ಕಂಡರೆ ಸಾಲದು. ಮೇಲಿನ ಪದರ ಒಣಗಿ, ಕೆಳಗೆ ಹಸಿ ಇದ್ದರೆ ಚಕ್ರ ಹೂತುಹೋಗುತ್ತದೆ. ಅದಕ್ಕೆ ಅವರ ಬಳಿ ಚೂಪು ತುದಿಯ ಒಂದು ಕಬ್ಬಿಣದ ಸರಳು ಇರುತ್ತದೆ. 8 ಕಿಲೊ ಸುತ್ತಿಗೆಯನ್ನು 575 ಮಿಲಿಮೀಟರ್ ಎತ್ತರದಿಂದ ಅದರ ಮೇಲೆ ಬಿಡುತ್ತಾರೆ. ಒಂದೊಂದು ಪೆಟ್ಟಿಗೆ ಸರಳು ಎಷ್ಟು ಇಳಿಯಿತು ಅಂತ ಬರೆದುಕೊಳ್ಳುತ್ತಾರೆ. ಕಮ್ಮಿ ಇಳಿದರೆ ನೆಲ ಗಟ್ಟಿ. ರಸ್ತೆ ಎಂಜಿನಿಯರುಗಳೂ ಬಳಸುವ ಸಾಧನವೇ ಇದು. ಏನೂ ರಹಸ್ಯ ಇಲ್ಲ!

1980ರಲ್ಲಿ ಇರಾನಿನಲ್ಲಿ ಒತ್ತೆಯಾಳಾಗಿದ್ದ ಅಮೆರಿಕನ್ನರನ್ನು ಬಿಡಿಸುವ ಯೋಜನೆಗೆ ಮರುಭೂಮಿಯಲ್ಲೊಂದು ಜಾಗ ಬೇಕಿತ್ತು. ಕಂಟ್ರೋಲರ್‌ಗಳ ಪುಟ್ಟ ತಂಡವೊಂದರ ಮುಖ್ಯಸ್ಥ ಮೇಜರ್ ಜಾನ್ ಕಾರ್ನಿ ಸುಮಾರು ಮೂರು ವಾರ ಮೊದಲೇ ಪುಟ್ಟ ವಿಮಾನದಲ್ಲಿ ಗುಟ್ಟಾಗಿ ಹೋದರು. ಮಣ್ಣಿನ ಮಾದರಿ ತಂದರು. ದೂರದಿಂದಲೇ ಹೊತ್ತಿಸಬಹುದಾದ ದೀಪಗಳನ್ನು ಹೂತಿಟ್ಟು ಬಂದರು. ಆಗ ನೆಲ ಗಟ್ಟಿಯಾಗಿತ್ತು. ಏಪ್ರಿಲ್ 24ರ ರಾತ್ರಿ ಪಡೆ ಇಳಿದಾಗ ಅದರ ಮೇಲೆ ನುಣ್ಣನೆ ಧೂಳು ಕೂತಿತ್ತು. ವಿಮಾನಗಳು ಹೇಗೋ ಇಳಿದವು. ಆದರೆ ಹೊರಟ 8 ಹೆಲಿಕಾಪ್ಟರುಗಳಲ್ಲಿ ಕೆಲಸಕ್ಕೆ ಉಳಿದದ್ದು ಐದೇ. ಕನಿಷ್ಠ ಆರು ಬೇಕಿತ್ತು. ಕಾರ್ಯಾಚರಣೆ ರದ್ದಾಯಿತು. ವಾಪಸು ಹೊರಡುವಾಗ ಒಂದು ಹೆಲಿಕಾಪ್ಟರಿನ ರೆಕ್ಕೆಯ ಗಾಳಿಗೆ ಧೂಳೆದ್ದು ಏನೂ ಕಾಣದಂತಾಯಿತು. ಅದು ಇಂಧನ ತುಂಬಿದ್ದ ವಿಮಾನಕ್ಕೆ ಬಡಿಯಿತು. 8 ಮಂದಿ ಸತ್ತರು. ಇಂದು ಪರೀಕ್ಷಿಸಿದ ಮರಳು ನಾಳೆ ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ, ಅಲ್ವಾ?

ಈ ಸೋಲಿನ ತನಿಖೆ ಬೆಟ್ಟು ಮಾಡಿದ್ದು ಸಂಘಟನೆಯನ್ನು. ಭೂಸೇನೆ, ನೌಕಾಪಡೆ, ವಾಯುಪಡೆ, ಮರೀನ್‌ಗಳನ್ನು ತರಾತುರಿಯಲ್ಲಿ ಸೇರಿಸಿ ಕಟ್ಟಿದ ಪಡೆ ಅದು. 1987ರಲ್ಲಿ ಎಲ್ಲರ ವಿಶೇಷ ಪಡೆಗಳಿಗೂ ಸೇರಿ ಒಂದು ಕಮಾಂಡ್ ಬಂತು. 1990ರ ಮೇ 22ರಂದು ಅದರ ವಾಯುಪಡೆ ವಿಭಾಗ ಫ್ಲಾರಿಡಾದ ಹರ್ಲ್‌ಬರ್ಟ್ ಫೀಲ್ಡ್‌ನಲ್ಲಿ ಶುರುವಾಯಿತು. ಕಾರ್ನಿಯವರ ಪುಟ್ಟ ತಂಡವೇ ಬೆಳೆದು 24ನೇ ಸ್ಪೆಷಲ್ ಟ್ಯಾಕ್ಟಿಕ್ಸ್ ಸ್ಕ್ವಾಡ್ರನ್ ಆಯಿತು. ಇಂಥ ಸ್ಕ್ವಾಡ್ರನ್‌ಗಳಲ್ಲಿ ಕಂಟ್ರೋಲರ್‌ಗಳ ಜೊತೆ ಗಾಯಾಳುಗಳನ್ನು ಹೊತ್ತು ತರುವ ಪ್ಯಾರಾರೆಸ್ಕ್ಯೂ ಸೈನಿಕರೂ ಇರುತ್ತಾರೆ. ದೊಡ್ಡ ಪಡೆಯಾಗಿ ಒಟ್ಟಿಗೆ ಹೋಗುವುದು ಅಪರೂಪ. ಒಬ್ಬಿಬ್ಬರಂತೆ ಬೇರೆ ಪಡೆಗಳ ಜೊತೆ ಸೇರಿಕೊಳ್ಳುತ್ತಾರೆ.

ನನಗೆ ಜಾಸ್ತಿ ಇಷ್ಟವಾಗುವುದು ಗುಂಡು ಹಾರದ ಒಂದು ಕೆಲಸ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ರಾಜಧಾನಿಯ ವಿಮಾನ ನಿಲ್ದಾಣದ ಕಂಟ್ರೋಲ್ ಟವರ್ ಕೆಲಸಕ್ಕೆ ಬಾರದಾಯಿತು. ಮರುದಿನ ಬಂದ ಕಂಟ್ರೋಲರ್‌ಗಳು ಇಳಿದ 28 ನಿಮಿಷದಲ್ಲೇ ನಿಯಂತ್ರಣ ತಗೊಂಡರು. ರನ್‌ವೇ ಪಕ್ಕ ಒಂದು ಮಡಚುವ ಮೇಜು, ಕೈಯಲ್ಲಿ ರೇಡಿಯೊ, ಅಷ್ಟೇ. ಇದ್ದದ್ದು ಒಂದೇ ರನ್‌ವೇ, ಅದೂ ಗಟ್ಟಿಯಾಗಿಯೇ ಇತ್ತು. ಕಷ್ಟ ಇದ್ದದ್ದು ಇಳಿದ ವಿಮಾನಗಳನ್ನು ನಿಲ್ಲಿಸುವ ಜಾಗದ್ದು. ಸಾಮಾನು ಇಳಿಸಿ ಒಂದು ಹೊರಟರೆ ಮಾತ್ರ ಇನ್ನೊಂದಕ್ಕೆ ಜಾಗ.